ಪಕ್ಕದ ಸೀಟಿನ ಹೆಂಗಸು

“ಇಲ್ಲೇ ಇಳಿದಳಮ್ಮಾ. ಇದೇ ಕೂಡುರಸ್ತೆ. ಆ ಟೈರ್ ಅಂಗಡಿ ಎದುರಿಗೇ.”

ಬಸ್ಸು ಇನ್ನೂ ಪೂರ್ತಿ ನಿಂತಿರಲಿಲ್ಲ. ಕ್ಲೀನರ್ ಒಂದು ಕಾಲನ್ನು ಮೆಟ್ಟಿಲ ಮೇಲೂ ಇನ್ನೊಂದನ್ನು ಗಾಳಿಯಲ್ಲೂ ಇಟ್ಟುಕೊಂಡು, ಬಾಗಿಲ ತಗಡನ್ನು ಬಡಿಯುತ್ತಲೇ ಮಾತಾಡುತ್ತಿದ್ದ. ತಿಯುರ್ಮಾ ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಮೇದಾನ್ ನಗರದ ಪೊಲೀಸ್ ಇಲಾಖೆಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡು ನಿವೃತ್ತಳಾದ ಹೆಂಗಸು ಆಕೆ. ಈಗ ಬೇರೆಯವರು ಕಳಕೊಂಡಿದ್ದನ್ನು ಹುಡುಕಿಕೊಡುವುದೇ ಹೊಟ್ಟೆಪಾಡು.

“ತಾನಾಗೇ ಇಳಿದಳಾ? ಯಾರಾದ್ರೂ ಇಳಿಸಿಕೊಂಡ್ರಾ?”

“ತಾನಾಗೇ. ಜಾಂಬಿವರೆಗೂ ಟಿಕೆಟ್ ಇತ್ತು. ಅರ್ಧ ದಾರೀಲಿ ಎದ್ದು ಬಂದು, ‘ನಿಲ್ಸಪ್ಪಾ, ಹೊಟ್ಟೆ ಕಿವುಚ್ತಿದೆ’ ಅಂದಳು. ಸೀಟಲ್ಲಿ ಗಲೀಜು ಮಾಡ್ಕೊಂಡ್ರೆ ತೊಳೆಯೋನು ನಾನೇ ತಾನೆ? ನಿಲ್ಲಿಸಿದ್ವಿ.”

“ಅವಳ ಪಕ್ಕದಲ್ಲಿದ್ದೋನು?”

“ಕಿಟಕಿಗೆ ತಲೆ ಆನಿಸಿ ಮಲಗಿದ್ದ. ಕುತ್ತಿಗೆವರೆಗೆ ಹೊದಿಕೆ. ಬಸ್ಸಲ್ಲಿ ಮಲಗಿದೋರನ್ನ ಎಬ್ಬಿಸಿದ್ರೆ ಬೈಸ್ಕೋಬೇಕು, ನಾವು ಎಬ್ಬಿಸೋದಿಲ್ಲ.”

ಬುಕಿತ್ತಿಂಗಿಯಲ್ಲಿ ಹತ್ತಿದ ಬಟ್ಟೆ ವ್ಯಾಪಾರಿ ಅರ್ಮಾಯುಲಿಸ್ ಜಾಂಬಿಯ ನಿಲ್ದಾಣದಲ್ಲಿ ಎಲ್ಲರೂ ಇಳಿದರೂ ಏಳಲಿಲ್ಲ; ಹೊಟ್ಟೆಯಲ್ಲಿ ಸಿಹಿ ಚಹಾ ಇತ್ತು, ಚಹಾದಲ್ಲಿ ವಿಷದ ಉಮ್ಮತ್ತಿ ಬೀಜದ ಪುಡಿ ಇತ್ತು.

ಬಸ್ಸು ಎರಡು ಪ್ರಾಂತ್ಯ, ಎಷ್ಟೋ ಜಿಲ್ಲೆ ದಾಟಿತ್ತು. ಅವನು ಸತ್ತದ್ದು ಎಲ್ಲಿ ಎಂದು ಯಾರಿಗೂ ಹೇಳಲು ಬರಲಿಲ್ಲ. ಆದ್ದರಿಂದ ಯಾವ ಠಾಣೆಯೂ ಆ ಹೆಣ ತನ್ನದೆನ್ನಲಿಲ್ಲ. ಅವನ ಹೆಂಡತಿ ಯುಸ್ಮಾನೆಲಿ, ಎಲ್ಲರ ಬಾಯಲ್ಲಿ ನೆಲಿ, ಠಾಣೆಯಿಂದ ಠಾಣೆಗೆ ಅಲೆದು, ಕೊನೆಗೆ ಮೇದಾನಿಗೆ ಬಂದು ತಿಯುರ್ಮಾಳ ಬಾಗಿಲು ತಟ್ಟಿದ್ದಳು. “ಪಕ್ಕದಲ್ಲಿ ಕೂತಿದ್ದೋಳನ್ನ ಹುಡುಕಿಕೊಡಿ. ಅಷ್ಟೇ ಸಾಕು” ಎಂದಿದ್ದಳು. ಅಳಲಿಲ್ಲ. ಕೂರಿ ಎಂದರೂ ಕೂರಲಿಲ್ಲ.

ಈಗ ಆ ನೆಲಿ ಬಸ್ಸಿನಿಂದ ಇಳಿದು, ರಸ್ತೆಯ ಧೂಳಿನಲ್ಲಿ ಕೈಚೀಲವನ್ನು ಎದೆಗವುಚಿಕೊಂಡು ನಿಂತಿದ್ದಳು. ತುಟಿ ಒಡೆದಿತ್ತು. ದಾರಿಯುದ್ದಕ್ಕೂ ಏನೂ ತಿಂದಿರಲಿಲ್ಲ. ಹೋಟೆಲಿನವರು ಮೇಜಿನ ತುಂಬ ತಟ್ಟೆಗಳನ್ನು ಹರಡಿದಾಗಲೂ ಬರಿ ಅನ್ನವನ್ನು ಬೆರಳಿನಿಂದ ಕೆದಕಿ ಎದ್ದಿದ್ದಳು.

“ಇನ್ನೊಂದು ಸಲ ಹೇಳು,” ತಿಯುರ್ಮಾ ಕ್ಲೀನರನ್ನು ಬಿಡಲಿಲ್ಲ. “ಸೀಟಿನ ಎದುರಿನ ಕೊಕ್ಕೇಲಿ ಏನಿತ್ತು?”

“ಚಹಾ ತುಂಬಿಸಿ ಕಟ್ಟಿದ ಪ್ಲಾಸ್ಟಿಕ್ ಚೀಲ, ಎರಡು. ಊಟಕ್ಕೆ ನಿಲ್ಲಿಸಿದ ಕಡೆ ತಗೊಂಡಿದ್ದು. ಒಂದು ಪೂರ್ತಿ ಹೀರಿ ಖಾಲಿ. ಇನ್ನೊಂದು ಗಂಟು ಕಟ್ಟಿದ ಹಾಗೇ, ತುಂಬಿಕೊಂಡು ನೇತಾಡ್ತಿತ್ತು.”

“ಎಸೆದ್ಯಾ?”

“ಕುಡಿದೆ ಅಮ್ಮಾ.” ಹುಡುಗ ಹಲ್ಲು ಕಿರಿದ. “ನಿಲ್ದಾಣದಲ್ಲಿ ಕಸ ಗುಡಿಸುವಾಗ. ಅವನು ಸತ್ತಿದಾನೆ ಅಂತ ಆಗ ಗೊತ್ತಿರಲಿಲ್ಲ. ಏನೂ ಆಗಲಿಲ್ಲ, ಚೆನ್ನಾಗೇ ಇತ್ತು.”

“ನಿನ್ನ ಆಯಸ್ಸು ಗಟ್ಟಿ. ಹೋಗು.”

ಬಸ್ಸು ಹೊಗೆ ಉಗುಳಿ ಹೊರಟಿತು. ಒಳಗೆ ಯಾರೋ ಮೈಕು ಹಿಡಿದು ಅಪಸ್ವರದಲ್ಲಿ ಹಾಡುತ್ತಿದ್ದುದು ತಿರುವಿನವರೆಗೂ ಕೇಳಿಸಿತು.

ತಿಯುರ್ಮಾ ತನ್ನ ಚೀಲದಿಂದ ಹೆಣದ ಮೇಲಿದ್ದ ಹೊದಿಕೆಯನ್ನು ತೆಗೆದಳು. ಅದು ಹೊದಿಕೆಯಲ್ಲ ಎಂದು ಅವಳಿಗೆ ಮೊದಲೇ ಅನಿಸಿತ್ತು. ಹೊದೆಯಲು ಅದಕ್ಕೆ ಅಗಲವೇ ಇಲ್ಲ. ಬಿಚ್ಚಿದಷ್ಟೂ ಉದ್ದಕ್ಕೆ ಬಿಚ್ಚಿಕೊಳ್ಳುವ ಹತ್ತಿಯ ಪಟ್ಟಿ, ನಾಲ್ಕಾರು ಮಡಿಕೆ ಮಾಡಿ ಅವನ ಎದೆಯ ಮೇಲೆ ಹಾಸಿದ್ದರು. ಮೂಸಿದರೆ ತೆಂಗಿನೆಣ್ಣೆಯಲ್ಲಿ ಶುಂಠಿ ಕುದಿಸಿದ ವಾಸನೆ ಇನ್ನೂ ಹೋಗಿರಲಿಲ್ಲ.

“ಇದು ಬಾಣಂತಿ ಹೊಟ್ಟೆಗೆ ಬಿಗಿಯೋ ಪಟ್ಟಿ, ನೆಲಿ. ನನಗೂ ನಮ್ಮಮ್ಮ ಕಟ್ಟಿದ್ದಳು. ಉಸಿರು ಕಟ್ಟೋ ಹಾಗೆ.”

ಮೊದಲು ತಿಯುರ್ಮಾ ಆ ಬಸ್ಸಿನ ಬದಲಿ ಡ್ರೈವರನ್ನು ಸಂಶಯಿಸಿದ್ದಳು. ಅವನು ಹಿಂದಿನ ಸೀಟುಗಳ ಕಡೆ ಬಂದೇ ಇರಲಿಲ್ಲ ಎಂದು ತಿಳಿದ ಮೇಲೆ ಉಳಿದದ್ದು ಈ ಪಟ್ಟಿಯ ಒಡತಿ ಒಬ್ಬಳೇ.

“ಸಿಕ್ತಾಳಾ ಅಮ್ಮಾ?”

ನೆಲಿ ಪ್ರತಿ ನಿಲ್ದಾಣದಲ್ಲೂ ಇದನ್ನೇ ಕೇಳಿದ್ದಳು. ತಿಯುರ್ಮಾ ಪ್ರತಿ ಸಲವೂ ಕೊಟ್ಟ ಉತ್ತರವನ್ನೇ ಕೊಟ್ಟಳು. “ಸಿಕ್ಕಿದ್ರೂ ನಿನ್ನ ಗಂಡ ಎದ್ದು ಬರಲ್ಲ ಮಗಳೇ. ಅದನ್ನ ನೆನಪಿಟ್ಕೊಂಡು ಬಾ.”

*

ಕೂಡುರಸ್ತೆಯಿಂದ ಒಳಗಿನ ಹಳ್ಳಿಗಳಿಗೆ ಇದ್ದದ್ದು ಹೊಳೆಯ ಕಡೆಗೆ ಹೋಗುವ ವ್ಯಾನು ಒಂದೇ. ಅದು ತುಂಬದೆ ಹೊರಡುವುದಿಲ್ಲ ಎಂದು ಡ್ರೈವರ್ ಹೇಳಿ ಬೀಡಾಡಿಯಂತೆ ಬಾನೆಟ್ಟಿನ ಮೇಲೆ ಒರಗಿದ. ಒಳಗೆ ಎದುರುಬದುರು ಹಲಗೆ. ಮಂಡಿಗೆ ಮಂಡಿ ತಾಗುತ್ತಿತ್ತು. ಕೋಳಿಯೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡ ದಪ್ಪನೆಯ ಹೆಂಗಸು, ರಬ್ಬರು ಹಾಲಿನ ನಾತ ಹೊಡೆಯುವ ಮುದುಕ, ಒಂದು ಮೂಟೆ ಉಪ್ಪುಮೀನು.

“ಇನ್ನೆಷ್ಟು ಜನ ಬೇಕಪ್ಪಾ?” ಎಂದಳು ತಿಯುರ್ಮಾ.

“ಇನ್ನೂ ಉಸಿರಾಡೋಕೆ ಜಾಗ ಇದೆಯಲ್ಲಮ್ಮಾ,” ಎಂದ ಡ್ರೈವರ್. “ಅದೂ ಹೋಗ್ಲಿ, ಆಮೇಲೆ ಹೊರಡೋಣ.”

ಕೊನೆಗೂ ಗಾಡಿ ಹೊರಟಿತು. ತಾಳೆಯ ತೋಟಗಳು ಒಂದೇ ಸಮನೆ ಹಿಂದಕ್ಕೆ ಸರಿದವು. ತಿಯುರ್ಮಾ ಕೋಳಿಯ ಹೆಂಗಸಿನ ಕಡೆಗೆ ವಾಲಿದಳು.

“ಅಕ್ಕಾ, ಈ ಕಡೆ ಬಾಣಂತಿಗೆ ಎಣ್ಣೆ ಹಚ್ಚಿ ನೀವೋರು ಯಾರಾದ್ರೂ ಇದಾರಾ? ನನ್ನ ಸೊಸೆಗೆ ಬೇಕಿತ್ತು.”

“ರುಗಾಯಾ ಇದಾಳಲ್ಲ, ಹೊಳೆ ಆಚೆ! ಕೈ ಅಂದ್ರೆ ಬೆಣ್ಣೆ. ಬುಂಗೋಗೂ ಹೋಗ್ತಿದ್ದಳು, ಜಾಂಬಿಗೂ ಹೋಗ್ತಿದ್ದಳು, ಎಲ್ಲಿ ಹೆರಿಗೆ ಆದ್ರೂ ಬಸ್ಸು ಹತ್ತಿಬಿಡೋಳು. ಆದ್ರೆ ಈಗ ಕರೆದ್ರೂ ಬರಲ್ಲ.”

“ಯಾಕೆ?”

“ಯಾರಿಗೆ ಗೊತ್ತು. ಜಾಂಬಿಗೆ ಅಂತ ಹೋದೋಳು ಅರ್ಧ ದಾರೀಲೇ ವಾಪಸ್ ಬಂದಳು. ಆವತ್ತಿಂದ ಬಸ್ಸಿನ ಹಾರ್ನ್ ಕೇಳಿದ್ರೆ ಬೆಚ್ಚಿಬೀಳ್ತಾಳೆ. ಏನೋ ಮೆಟ್ಟಿದೆ ಅಂತಾರೆ.”

“ಏನೂ ಮೆಟ್ಟಿಲ್ಲ,” ಡ್ರೈವರ್ ಕನ್ನಡಿಯಲ್ಲಿ ಕಣ್ಣು ಹೊಡೆದ. “ಯಾವನೋ ದೊಡ್ಡ ಬಸ್ಸಿನ ಡ್ರೈವರ್ ಕೈ ಕೊಟ್ಟಿರಬೇಕು.”

“ನಿನ್ನ ಗಾಡಿ ಹತ್ತೋದಕ್ಕಿಂತ ದೆವ್ವ ಮೆಟ್ಟಿಸ್ಕೊಳ್ಳೋದು ವಾಸಿ ಕಣೋ,” ಎಂದಳು ಕೋಳಿಯ ಹೆಂಗಸು. ಮುದುಕ ಕೆಮ್ಮುತ್ತ ನಕ್ಕ.

ತಿಯುರ್ಮಾಳಿಗೆ ನಗು ಬರಲಿಲ್ಲ. ಹುಡುಕುತ್ತಿದ್ದುದು ಸಿಕ್ಕಾಗ ಮೊದಲೆಲ್ಲ ಮೈ ಜುಮ್ಮೆನ್ನುತ್ತಿತ್ತು. ಈಗ ಬರಿಯ ಆಯಾಸ. ಇಷ್ಟು ದೊಡ್ಡ ದೇಶದಲ್ಲಿ ಯಾರು ಯಾರ ಪಕ್ಕದಲ್ಲಿ ಕೂತರು, ಎಲ್ಲಿ ಇಳಿದರು, ಯಾರಿಗೆ ಬೇಕು? ಒಂದು ಬಸ್ಸಿನಿಂದ ಇನ್ನೊಂದಕ್ಕೆ ಹತ್ತಿ ಇಳಿದರೆ ಮನುಷ್ಯ ನೀರಿಗೆ ಬಿದ್ದ ಉಪ್ಪಿನ ಹಾಗೆ. ಈ ರುಗಾಯಾ ಮಾತ್ರ ಕರಗಲಿಲ್ಲ. ಸೀದಾ ತನ್ನ ಮನೆಗೇ ಹೋಗಿ ಕೂತಿದ್ದಳು. ಕೊಲೆ ಮಾಡಿದವರು ಹಾಗೆ ಮಾಡುವುದಿಲ್ಲ. ಅದೇ ತಿಯುರ್ಮಾಳನ್ನು ಕೊರೆಯುತ್ತಿತ್ತು.

“ಅವಳ ಮನೇಲಿ ಯಾರ್ಯಾರು ಇದಾರೆ?”

ಕೇಳಿದ್ದು ನೆಲಿ. ಬಸ್ಸು ಹತ್ತಿದಾಗಿನಿಂದ ಬೇರೆಯವರೊಡನೆ ಅವಳು ಆಡಿದ ಮೊದಲ ಮಾತು.

“ನಿಮ್ಮ ಮಾತು ನೋಡಿದ್ರೆ ಬೆಟ್ಟದ ಮೇಲಿನ ಬುಕಿತ್ತಿಂಗಿ ಕಡೆಯೋರು,” ಎಂದಳು ಕೋಳಿಯ ಹೆಂಗಸು. “ಮಗಳು ಸುಲ್ಫಾ ಇದಾಳೆ. ಈಗಷ್ಟೇ ಹೆತ್ತಿದಾಳೆ, ಗಂಡು ಮಗು. ಅಳಿಯ ತಾಳೆ ತೋಟದಲ್ಲಿ, ತಿಂಗಳಿಗೊಂದು ಸಲ ಬರ್ತಾನೆ.”

ನೆಲಿ ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದಳು. ಒಳ್ಳೆಯ ಪ್ರಶ್ನೆ, ನಾನೇ ಕೇಳಬೇಕಿತ್ತು, ಎಂದುಕೊಂಡಳು ತಿಯುರ್ಮಾ.

ವ್ಯಾನು ನಿಂತದ್ದು ಕೆಸರು ದಡದಲ್ಲಿ. ಬಾತಾಂಗಾರಿ ಹೊಳೆ ಹಾಲು ಬೆರೆಸಿದ ಚಹಾದ ಬಣ್ಣದಲ್ಲಿ ಹರಿಯುತ್ತಿತ್ತು. ಆ ದಡಕ್ಕೆ ಸೇತುವೆಯಿಲ್ಲ, ರಸ್ತೆಯಿಲ್ಲ. ಮೋಟಾರು ಕಟ್ಟಿದ ಉದ್ದನೆಯ ಮರದ ದೋಣಿಯವನು ಇಬ್ಬರನ್ನೂ ಕೂರಿಸಿಕೊಂಡು ದಾಟಿಸಿದ. “ಸಂಜೆಗೆ ಮುಂಚೆ ಬರ್ತೀನಿ, ಕೂಗಬೇಡಿ, ಮೋಟಾರು ಸದ್ದಿಗೆ ನನಗೆ ಏನೂ ಕೇಳಲ್ಲ,” ಎಂದು ಹೇಳಿ ತಿರುಗಿಸಿಕೊಂಡು ಹೋದ.

*

ಕಂಬಗಳ ಮೇಲೆ ನಿಂತ ಮರದ ಮನೆ. ಜಗಲಿಯಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಕಾಲು ಚಾಚಿ, ಎಳೆಗೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ನೀವುತ್ತಿದ್ದಳು. ಶುಂಠಿಯ ವಾಸನೆ ಮೆಟ್ಟಿಲ ಕೆಳಗಿನವರೆಗೂ ಬಂತು.

ತಿಯುರ್ಮಾ ಮೇಲೆ ಹತ್ತಿ, ಮಡಿಸಿದ ಪಟ್ಟಿಯನ್ನು ಆಕೆಯ ಮುಂದಿಟ್ಟಳು.

ರುಗಾಯಾಳ ಕೈ ನಿಂತಿತು. ಆಮೇಲೆ ಮಗುವನ್ನು ತಿರುಗಿಸಿ ಬಟ್ಟೆಯಲ್ಲಿ ಸುತ್ತಿದಳು.

“ಸುಲ್ಫಾ, ಮಗೂನ ತಗೋ,” ಎಂದು ಕೂಗಿದಳು. ಒಳಗಿನಿಂದ ಹದಿಹರೆಯ ಆಗಷ್ಟೇ ಕಳೆದ ಹುಡುಗಿ ಗೋಡೆ ಹಿಡಿದುಕೊಂಡು ಬಂದು ಮಗುವನ್ನು ತೆಗೆದುಕೊಂಡು ಹೋದಳು. ಪರದೆ ಇಳಿಯಿತು.

“ಪೊಲೀಸರು ಬರ್ತಾರೆ ಅಂದ್ಕೊಂಡಿದ್ದೆ,” ಎಂದಳು ರುಗಾಯಾ. “ಬಸ್ಸಲ್ಲಿ ಒಬ್ಬ ಸತ್ತ ಅನ್ನೋ ಸುದ್ದಿ ಕೇಳಿದಾಗಿಂದ ದಿನಾ ದಡದ ಕಡೆ ನೋಡ್ತಿದ್ದೆ. ನೀವು ಯಾರಕ್ಕಾ?”

“ಪೊಲೀಸಲ್ಲಿದ್ದೆ, ಈಗಿಲ್ಲ. ಇವಳು ಯುಸ್ಮಾನೆಲಿ. ಅವನ ಹೆಂಡತಿ.”

ರುಗಾಯಾ ನೆಲಿಯ ಮುಖವನ್ನು ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದಳು. ನೆಲಿ ಕಂಬಕ್ಕೆ ಒರಗಿ ನಿಂತೇ ಇದ್ದಳು.

“ಚಹಾ ಯಾರು ತಂದಿದ್ದು?” ತಿಯುರ್ಮಾ ಕೇಳಿದಳು.

“ಅವನು. ಊಟಕ್ಕೆ ನಿಲ್ಲಿಸಿದಾಗ ಎರಡು ಚೀಲ ತಂದು ಕೊಕ್ಕೆಗೆ ನೇತುಹಾಕಿದ. ನನ್ನ ಕಡೆಗೊಂದು, ಅವನ ಕಡೆಗೊಂದು.”

“ಸುಳ್ಳು!” ಎಂದಳು ನೆಲಿ.

“ಅವಳು ಹೇಳಲಿ, ಬಿಡು,” ಎಂದಳು ತಿಯುರ್ಮಾ. “ಒಂದು ಚೀಲ ತುಂಬಿದ ಹಾಗೇ ಇತ್ತು ರುಗಾಯಾ. ಕ್ಲೀನರ್ ಹುಡುಗ ಅದನ್ನ ಕುಡಿದು ಇವತ್ತಿಗೂ ಗುಂಡುಕಲ್ಲಿನ ಹಾಗಿದಾನೆ. ವಿಷ ಹಾಕಿದೋಳು ನೀನಾಗಿದ್ರೆ, ಯಾವುದು ಒಳ್ಳೇದು ಅಂತ ನಿನಗೆ ಗೊತ್ತಿರ್ತಿತ್ತು. ನಿನ್ನ ಪಾಲಿನದನ್ನ ಆರಾಮಾಗಿ ಕುಡೀತಿದ್ದೆ. ಕುಡೀಲಿಲ್ಲ. ಯಾಕೆ?”

“ಎರಡನ್ನೂ ಕುಡಿಯೋಕೆ ಹೆದರಿಕೆ ಇತ್ತು, ಅದಕ್ಕೆ.” ರುಗಾಯಾ ಎಣ್ಣೆಗೈಯನ್ನು ಉಟ್ಟ ಬಟ್ಟೆಗೆ ಒರೆಸಿದಳು, ಮತ್ತೆ ಒರೆಸಿದಳು. “ಅವನು ನನಗೆ ಎರಡನೇ ಸಲ ಸಿಕ್ಕಿದ್ದು ಅಕ್ಕಾ.”

ಮಾತು ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. ಹಿಂದೊಮ್ಮೆ, ಸುಲ್ಫಾಳ ಮದುವೆಗೆ ಮುಂಚೆ, ಬಾಂಕೋ ಕಡೆ ಹೋಗುವ ಬಸ್ಸಿನಲ್ಲಿ ಒಬ್ಬ ಒಳ್ಳೆಯ ಮನುಷ್ಯ ಪಕ್ಕದಲ್ಲಿ ಕೂತಿದ್ದ. ಮೇಲಿನ ಅಟ್ಟದಿಂದ ಬುಟ್ಟಿ ಇಳಿಸಿಕೊಟ್ಟಿದ್ದ. ಮಕ್ಕಳೆಷ್ಟು ಎಂದು ಕೇಳಿದ್ದ. ಆಮೇಲೆ ಬುದ್ಧಿ ಹೇಳಿದ್ದ.

“‘ಬಸ್ಸಲ್ಲಿ ಪರಿಚಯ ಇಲ್ದೋರ ಕೈಯಿಂದ ಏನೂ ತಗೋಬೇಡಿ ತಾಯೀ, ಕಾಲ ಕೆಟ್ಟಿದೆ’ ಅಂದ. ನಾನು ಅಯ್ಯೋ ಹೌದಪ್ಪಾ ಅಂದೆ. ಅಂದು, ಅವನ ಕೈಯಿಂದಲೇ ಚಹಾ ತಗೊಂಡು ಕುಡಿದೆ.” ಅವಳು ಎಣ್ಣೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. “ಎಚ್ಚರ ಆದಾಗ ಯಾವುದೋ ಊರಿನ ಆಸ್ಪತ್ರೆ. ಮಗಳ ಮದುವೆಗೆ ಮಾಡಿಸಿದ್ದ ಬಂಗಾರ ಇರಲಿಲ್ಲ. ಅದು ಹೋಗ್ಲಿ. ಸುಲ್ಫಾ ಬಂದು ಅಮ್ಮಾ ಅಂದ್ರೆ, ನೀನು ಯಾರಮ್ಮಾ ಅಂದೆನಂತೆ. ಹೆತ್ತ ಮಗಳನ್ನ. ಎಷ್ಟೋ ದಿನ ಹಾಗೇ ಇದ್ದೆನಂತೆ.”

“ಈ ಸಲ?”

“ಮುಖ ನನಗೆ ನೆನಪೇ ಇರಲಿಲ್ಲ. ಆರಾಮಾಗಿ ಮಾತಾಡ್ಕೊಂಡು ಬಂದೆ. ಊಟದ ಜಾಗದಲ್ಲಿ ಚಹಾ ತಂದು ನೇತುಹಾಕಿ, ‘ಪರಿಚಯ ಇಲ್ದೋರ ಕೈಯಿಂದ ಏನೂ ತಗೋಬೇಡಿ ತಾಯೀ, ಕಾಲ ಕೆಟ್ಟಿದೆ’ ಅಂದ. ಅದೇ ಮಾತು. ಅದೇ ರಾಗ. ಇವನೇ ಅವನು ಅಂತ ಗೊತ್ತಾಗಿಹೋಯ್ತು.”

ಹೊಳೆಯ ಕಡೆಯಿಂದ ಬಿಸಿ ಗಾಳಿ ಬಂತು.

“ಅವನು ಸಿಗರೇಟು ಸೇದೋಕೆ ಕೆಳಗಿಳಿದ. ನಾನು ಚೀಲಗಳನ್ನ ಅದಲು ಬದಲು ಮಾಡಿದೆ. ಅಷ್ಟೇ ನಾನು ಮಾಡಿದ್ದು. ಕುಡಿದು ನಿದ್ದೆ ಹೋಗ್ಲಿ, ಎಲ್ಲೋ ಒಂದು ಕಡೆ ಎದ್ದು ತಾನು ಯಾರು ಅಂತ ಹುಡುಕ್ಲಿ, ಗೊತ್ತಾಗ್ಲಿ ಅಂತ. ಸಾಯ್ಲಿ ಅಂತ ಅಲ್ಲ ಅಕ್ಕಾ. ದೇವರಾಣೆ ಅಲ್ಲ.”

ಹೆಣ ಕೊಯ್ದ ವೈದ್ಯರು ಹೇಳಿದ್ದನ್ನು ತಿಯುರ್ಮಾ ನೆನೆದಳು. ಬಸ್ಸಿನ ಕಳ್ಳರು ಹಾಕುವುದು ಚಿಟಿಕೆ. ಇವನ ಹೊಟ್ಟೆಯಲ್ಲಿ ಕೋಣ ಕೆಡವುವಷ್ಟಿತ್ತು. ಹಾಗಾದರೆ ಅವನೂ ಇವಳ ಗುರುತು ಹಿಡಿದಿದ್ದ. ಮುಖ ಕಂಡಿದ್ದವಳು ಈ ಸಲ ಏಳಲೇಬಾರದು ಎಂದು ಅಳೆದು ಹಾಕಿದ್ದ. ಈ ಮಾತನ್ನು ಹೆಂಡತಿಯ ಮುಂದೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

“ಈ ಪಟ್ಟಿ ಯಾಕೆ ಹೊದಿಸಿದೆ?”

“ಬಸ್ಸಲ್ಲಿ ಎ.ಸಿ. ಜೋರಾಗಿತ್ತು. ನಡುಗ್ತಿದ್ದ.”

ಇದ್ದಕ್ಕಿದ್ದಂತೆ ನೆಲಿ ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. “ನೀವು ಇಳಿಯುವಾಗ ಉಸಿರಾಡ್ತಿದ್ದನಾ?”

ರುಗಾಯಾ ಪಟ್ಟಿಯ ಮಡಿಕೆಯನ್ನು ಸರಿಮಾಡತೊಡಗಿದಳು.

“ಕೇಳಿದ್ದಕ್ಕೆ ಹೇಳಿ ಅಕ್ಕಾ. ಉಸಿರಾಡ್ತಿದ್ದನಾ?”

“ಹೌದು ತಂಗೀ. ಗೊರಗೊರ ಅಂತಿತ್ತು. ಅದನ್ನ ಕೇಳೇ ನನಗೆ ಭಯ ಆಗಿದ್ದು. ಅದಕ್ಕೇ ಇಳಿದುಬಿಟ್ಟೆ.”

“ಡ್ರೈವರ್‌ಗೆ ಒಂದು ಮಾತು ಹೇಳಿದ್ರೆ ಬದುಕ್ತಿದ್ದ.”

“ಬದುಕ್ತಿದ್ದ,” ಎಂದಳು ರುಗಾಯಾ. “ದಿನಾ ಅದನ್ನೇ ಅಂದ್ಕೋತೀನಿ.”

ನೆಲಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಸಿಟ್ಟು ಬಂದಿದ್ದರೆ, ಕೂಗಾಡಿದ್ದರೆ ತಿಯುರ್ಮಾಳಿಗೆ ಸಮಾಧಾನವಾಗುತ್ತಿತ್ತು.

“ನೆಲಿ, ನಿನ್ನ ಗಂಡನ ಕಸುಬು ನಿನಗೆ ಗೊತ್ತಿತ್ತಾ?”

“ಬಟ್ಟೆ ವ್ಯಾಪಾರ ಅಂತಿದ್ದ.” ನೆಲಿ ಹೊಳೆಯ ಕಡೆ ನೋಡಿದಳು. “ನಾನು ಬಟ್ಟೆಯನ್ನ ಯಾವತ್ತೂ ನೋಡಲಿಲ್ಲ.”

ಕೈಚೀಲವನ್ನು ಕಂಕುಳಿಗೆ ಏರಿಸಿಕೊಂಡಳು. “ಗಂಟಲು ಒಣಗಿಹೋಗಿದೆ. ಇಷ್ಟು ದೂರ ಬಂದಿದ್ದಕ್ಕೆ ಒಂದು ಲೋಟ ಚಹಾ ಕುಡಿದು ಹೋಗೋಣ. ನೀವು ಕೂತಿರಿ ಅಕ್ಕಾ, ನಾನೇ ಮಾಡ್ತೀನಿ. ಒಲೆ ಎಲ್ಲಿದೆ?”

ಸತ್ತವನ ಹೆಂಡತಿ ತನ್ನ ಮನೆಯ ಒಲೆ ಕೇಳುತ್ತಿದ್ದಾಳೆ. ರುಗಾಯಾಳ ಕಣ್ಣು ತುಂಬಿ ಬಂತು. ಬೇಡ ಎನ್ನುವ ಮುಖ ಅವಳಿಗಿರಲಿಲ್ಲ. ಹಿಂಬಾಗಿಲ ಕಡೆ ಕೈ ತೋರಿಸಿದಳು.

*

“ಈಗೇನು ಮಾಡಬೇಕು ನಾನು?” ರುಗಾಯಾ ಮೆಲ್ಲಗೆ ಕೇಳಿದಳು.

“ನನ್ನ ಜೊತೆ ಠಾಣೆಗೆ ಬರಬೇಕು.”

“ಬಂದು? ಅವರು ನಂಬಿದ್ರೆ ನಾನು ಕೊಲೆ ಮಾಡಿದೋಳು. ನಂಬದಿದ್ರೆ ಸತ್ತೋನ ಮೇಲೆ ಕಳ್ಳತನ ಹೊರಿಸಿದೋಳು. ಮಗು ನೋಡಿ ಅಕ್ಕಾ, ಹೊಕ್ಕಳು ಇನ್ನೂ ಒಣಗಿಲ್ಲ.”

ತಿಯುರ್ಮಾ ಪಟ್ಟಿಯನ್ನು ಮತ್ತೆ ತನ್ನ ಚೀಲಕ್ಕೆ ತುರುಕಿದಳು. ನಿಜ ಹುಡುಕಿಕೊಡುತ್ತೇನೆಂದು ಇಷ್ಟು ದೂರ ಬಂದಿದ್ದಳು. ನಿಜ ಸಿಕ್ಕಿತ್ತು, ಅದರಿಂದ ಯಾರಿಗೂ ಒಂದು ತುತ್ತು ಅನ್ನದಷ್ಟು ಉಪಯೋಗವಿರಲಿಲ್ಲ. ಒಬ್ಬಳಿಗೆ ಗಂಡ ಹೋಗಿದ್ದ. ಈಗ ಅವನು ಒಳ್ಳೆಯವನೆಂಬ ನೆನಪೂ ಹೋಯಿತು. ಇನ್ನೊಬ್ಬಳು ಬದುಕಿರುವಷ್ಟು ದಿನ ಆ ಗೊರಗೊರ ಕೇಳಿಸಿಕೊಳ್ಳುತ್ತಾಳೆ. ಅದೇ ದಾರಿಯಲ್ಲಿ ಇವತ್ತೂ ಬಸ್ಸುಗಳು ಹೋಗುತ್ತಿವೆ, ಯಾವುದೋ ಕೊಕ್ಕೆಗೆ ಯಾವನೋ ಚಹಾ ನೇತುಹಾಕುತ್ತಿದ್ದಾನೆ.

ನೆಲಿ ತಟ್ಟೆಯಲ್ಲಿ ಎರಡು ಲೋಟ ತಂದಳು. ಒಂದನ್ನು ರುಗಾಯಾಳ ಮುಂದೆ, ಒಂದನ್ನು ತಿಯುರ್ಮಾಳ ಮುಂದೆ ಇಟ್ಟಳು.

“ನಿನಗೆ?”

“ಒಲೆ ಮೇಲಿದೆ. ಪಾತ್ರೆ ತೊಳೆದಿಟ್ಟು ಬರ್ತೀನಿ.”

ತಿಯುರ್ಮಾ ಊದಿಕೊಂಡು ಕುಡಿದಳು. ಸಕ್ಕರೆ ಹೆಚ್ಚಾಗಿತ್ತು. ಬೆಳಗಿನಿಂದ ಧೂಳು ನುಂಗಿದ ಗಂಟಲಿಗೆ ಅದೂ ಹಿತವಾಗಿತ್ತು. ರುಗಾಯಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ಬಿಸಿ ಆರಲೆಂದೋ, ಬೇರೆಯವರ ಕೈಯ ಚಹಾ ಈಗಲೂ ಗಂಟಲಲ್ಲಿ ಇಳಿಯುವುದಿಲ್ಲವೆಂದೋ.

“ಅಮ್ಮಾ, ಬಾಯಾರಿಕೆ,” ಪರದೆಯ ಹಿಂದಿನಿಂದ ಸುಲ್ಫಾ ಕೂಗಿದಳು. “ಮಗು ಬಿಡ್ತಾನೇ ಇಲ್ಲ, ಎದ್ದು ಬರೋಕಾಗಲ್ಲ.”

“ಬಂದೆ ಕಂದಾ.” ರುಗಾಯಾ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತು ಅಲ್ಲೇ ಕೂತು ಮಗಳ ಬೆನ್ನು ನೀವಿದಳೆಂದು ಕಾಣುತ್ತದೆ. ತಾಯಿ ಮಗಳು ಮೆಲುದನಿಯಲ್ಲಿ ಮಾತಾಡುವುದು ಕೇಳಿಸುತ್ತಿತ್ತು. ಹಿಂದಿನಿಂದ ನೀರು ಸುರಿಯುವ ಸದ್ದು, ಪಾತ್ರೆಯ ಸದ್ದು, ಮತ್ತೆ ನೀರಿನ ಸದ್ದು. ಎರಡು ಲೋಟ ಚಹಾ ಮಾಡಿದ್ದಕ್ಕೆ ಇಷ್ಟೊಂದು ತೊಳೆಯುವುದೇನಿದೆ ಎಂದು ತಿಯುರ್ಮಾಳಿಗೆ ಅನಿಸಿತು. ಮೊಬೈಲು ತೆಗೆದು ನೋಡಿದಳು. ಸಿಗ್ನಲ್ ಇರಲಿಲ್ಲ. ಜಗಲಿಯ ಹಲಗೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದಳು.

ಕಣ್ಣು ಬಿಟ್ಟಾಗ ನೆಲಿ ಎದುರಿಗೆ ನಿಂತಿದ್ದಳು. ಕೈಯಲ್ಲಿ ಲೋಟವಿರಲಿಲ್ಲ, ಚೀಲವಿತ್ತು. ರುಗಾಯಾ ಬರಿಗೈಯಲ್ಲಿ ಪರದೆ ಸರಿಸಿ ಹೊರಗೆ ಬರುತ್ತಿದ್ದಳು.

“ನಿಮ್ಮ ಲೋಟ ಎಲ್ಲಿ?” ಎಂದಳು ನೆಲಿ.

“ಲೋಟಾನಾ?”

“ನಿಮ್ಮ ಲೋಟ. ಚಹಾ. ಕುಡಿದ್ರಾ?”

“ಸುಲ್ಫಾಗೆ ಕೊಟ್ಟೆ ತಂಗೀ. ಹಾಲೂಡಿಸೋರಿಗೆ ದಾಹ ಜಾಸ್ತಿ, ಒಂದೇ ಗುಟುಕಿಗೆ ಮುಗಿಸಿದಳು. ನಾನು ಆಮೇಲೆ ಮಾಡ್ಕೋತೀನಿ.”

ನೆಲಿಯ ಬಾಯಿ ತೆರೆಯಿತು. ಅವಳ ಕೈಯಿಂದ ಚೀಲ ಜಾರಿ ಹಲಗೆಯ ಮೇಲೆ ಬಿತ್ತು; ಪುಡಿ ಮೆತ್ತಿದ ಖಾಲಿ ಪೊಟ್ಟಣವೊಂದು ಹೊರಗೆ ಚೆಲ್ಲಿತು. ಅತಿಥಿಯಾಗಿ ಬಂದವಳು ಮನೆಯವಳ ಲೋಟದ ಲೆಕ್ಕ ಕೇಳುವುದೇಕೆ ಎಂಬುದು ತಿಯುರ್ಮಾಳ ತಲೆಗೆ ಹೊಳೆಯುವಷ್ಟರಲ್ಲಿ ಒಳಗಿನಿಂದ ಹುಡುಗಿ ಕರೆದಳು.

“ಅಮ್ಮಾ, ಇಲ್ಲಿ ಬಾ. ಮಗು ಮುಖ ಯಾಕೆ ನನಗೆ ಮಸುಕು ಮಸುಕಾಗಿ ಕಾಣ್ತಿದೆ?”

ರುಗಾಯಾ ನೆಲಿಯನ್ನು ನೋಡಿದಳು. ಒಂದೇ ಕ್ಷಣ. ಆಮೇಲೆ ಅವಳ ಎದೆಯಿಂದ ಹೊರಟ ಕೂಗಿಗೆ ಕೋಳಿಗಳು ಮನೆಯಡಿಯಿಂದ ಚದುರಿ ಓಡಿದವು. ಪರದೆ ಹರಿದುಕೊಂಡು ಒಳಗೆ ನುಗ್ಗಿದಳು. “ವಾಂತಿ ಮಾಡು! ಸುಲ್ಫಾ, ಬಾಯಿ ತೆಗೆ! ಮಗೂನ ಬಿಡಿಸು, ಎದೆ ಬಿಡಿಸು!”

ಯಾರನ್ನು ಹಿಡಿಯಬೇಕು, ಯಾರನ್ನು ಬೈಯಬೇಕು ಎಂದು ಯೋಚಿಸಲು ಹೊತ್ತಿರಲಿಲ್ಲ. ಆಸ್ಪತ್ರೆ ಇದ್ದದ್ದು ಆಚೆ ದಡದಲ್ಲಿ, ವ್ಯಾನು ಬಿಟ್ಟ ಜಾಗದಿಂದಲೂ ದೂರ. ತಿಯುರ್ಮಾ ಮಂಡಿ ನೋವು ಮರೆತು ಮೆಟ್ಟಿಲಿಳಿದು, ಕೆಸರಿನಲ್ಲಿ ಜಾರುತ್ತ ಹೊಳೆಯ ಕಡೆ ಓಡಿದಳು.

ದೋಣಿ ಎದುರು ದಡದಲ್ಲಿತ್ತು. ದೋಣಿಯವನು ಬೆನ್ನು ತಿರುಗಿಸಿಕೊಂಡು ರಬ್ಬರು ಹಾಳೆಗಳನ್ನು ಏರಿಸುತ್ತಿದ್ದ. ಅವಳು ಎರಡೂ ಕೈ ಎತ್ತಿ ಕೂಗಿದಳು. ತಲೆಯ ಬಟ್ಟೆ ಬಿಚ್ಚಿ ಬೀಸಿದಳು. ಅವನು ತಿರುಗಲಿಲ್ಲ. ಮತ್ತೆ ಕೂಗಿದಳು. ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ಅಷ್ಟು ಅಗಲದ ನೀರು ಬಿಸಿಲಿಗೆ ಕಣ್ಣು ಚುಚ್ಚಿತು, ನೋಡಲಾಗದಷ್ಟು ಚುಚ್ಚಿತು.

ಹಿಂದೆ ಕೆಸರಿನಲ್ಲಿ ಹೆಜ್ಜೆಯ ಸದ್ದಾಯಿತು. ನೆಲಿ. ಚಪ್ಪಲಿಯಿಲ್ಲದೆ, ಮುಡಿ ಬಿಚ್ಚಿ, ಏದುಸಿರು ಬಿಡುತ್ತ ಬಂದವಳು ತಿಯುರ್ಮಾಳ ತೋಳನ್ನು ಗಟ್ಟಿಯಾಗಿ ಹಿಡಿದಳು. ಇಷ್ಟು ದಿನ ಕಾಣದ ಕಣ್ಣೀರು ಈಗ ಅವಳ ಗದ್ದದಿಂದ ತೊಟ್ಟಿಕ್ಕುತ್ತಿತ್ತು.

“ನನ್ನನ್ನ ಆಮೇಲೆ ಕೊಂದುಹಾಕಿ ಅಮ್ಮಾ,” ಎಂದಳು. “ಮೊದಲು ಇದನ್ನ ಹೇಳಿ. ನೀವು ಎಷ್ಟು ಕುಡಿದ್ರಿ?”